ಗಾಳಿಗೋಪುರದ ಮೊಳೆಗಳು

ಅಪ್ಪ ಫುಲ್ಜಾನ್ಸ್ ಮರದ ಅಚ್ಚು ಕೊರೆಯುವವನು.
ಪ್ಯಾರಿಸ್ಸಿನ ರ್ಯೂ ವಿಸ್ಕೋಂತಿ ಅನ್ನುವ ಸಂದಿ, ಮೂರನೇ ಮಹಡಿ,
ಕಿಟಕಿ ತೆರೆದರೆ ಎದುರು ಮನೆಯ ಗೋಡೆ.
ಬೆಳಕು ಸಾಲದ್ದಕ್ಕೆ ದೀಪದ ಮುಂದೆ
ನೀರು ತುಂಬಿದ ಗಾಜಿನ ಬುರುಡೆ,
ಅದರಾಚೆ ಮರದ ತುಂಡಿನ ಮೇಲೆ
ನಾಣ್ಯದಗಲ ಹಗಲು.

ಬುಧವಾರ ವಾರಪತ್ರಿಕೆಯ ಹುಡುಗ ಹಾಳೆ ತರುವನು.
ಮೊಸ್ಯೊ ತ್ರೆವಿದಿಕ್ ಬರೆಯುತ್ತಿದ್ದ ಧಾರಾವಾಹಿ;
ಆ ಜಾತಿಯ ಕಥೆಗೆ ಆಗಿನ್ನೂ ನಾಮಕರಣ ಆಗಿರಲಿಲ್ಲ,
ಅಚ್ಚುಕೂಟದವರು "ಹೊಗೆಕೊಳವೆ ಪುರಾಣ" ಅನ್ನುತ್ತಿದ್ದರು.
ಹಾಳೆಯಲ್ಲಿ ಇದ್ದದ್ದು ಇಷ್ಟೇ:
"ಆಗ ಆ ಯಂತ್ರ ಮೇಲೆದ್ದಿತು. ಅಂಥದ್ದನ್ನು ಯಾರೂ ಕಂಡಿರಲಿಲ್ಲ."
ಅಪ್ಪ ಉಳಿ ಕೆಳಗಿಟ್ಟು ತಲೆ ಕೆರೆದುಕೊಂಡ.
ಯಾರೂ ಕಾಣದ್ದನ್ನು ಕಣ್ಣಿಗೆ ಕಟ್ಟಬೇಕು, ಶನಿವಾರದೊಳಗೆ,
ಅದೂ ತಿರುಗುಮುರುಗಾಗಿ, ಬಲಕ್ಕೆ ಎಡ.

ಎದ್ದು ಮನೆಯೆಲ್ಲ ತಡಕಾಡಿದ.
ಅಮ್ಮನ ಕಾಫಿ ಬೀಸುವ ಡಬ್ಬಿಯಿಂದ ಹಿಡಿಕೆ,
ಸೇನ್ ನದಿಯ ಅಗಸಗಿತ್ತಿಯರ ದೋಣಿಯಿಂದ ಹೊಟ್ಟೆ,
ನಾನು ಕಂಡದ್ದರಿಂದ ಒಂದಿಷ್ಟು:
ಮುತ್ತಿಗೆಯ ಚಳಿಗಾಲ, ನನಗೆ ಏಳು,
ಕುದುರೆ ಮುಗಿದು ಬೆಕ್ಕು ತಿನ್ನುತ್ತಿದ್ದ ಊರಿನಿಂದ
ಹೊರಗೆ ಹೋಗುವ ದಾರಿ ಒಂದೇ, ಮೇಲಕ್ಕೆ.
ರೈಲುನಿಲ್ದಾಣದ ಅಂಗಳದಲ್ಲಿ ಬಲೂನು
ಟಪಾಲಿನ ಚೀಲ ಹೊತ್ತು ಉಬ್ಬಿ ಅಲುಗಿತು.
ಹಗ್ಗ ಬಿಟ್ಟಾಗ ಜನ ಕೂಗಲಿಲ್ಲ. ಟೋಪಿ ತೆಗೆದರು.
"ಹಗ್ಗ ಹೇಗಿತ್ತೇ, ಒನೊರೀನ್?"
ಹೇಳಿದೆ. ಕೊರೆದ.

ಗಾಳಿಗೋಪುರಕ್ಕೂ ಮೊಳೆ ಬೇಕು ಅನ್ನುವ ಆಸಾಮಿ.
ಒಂದೊಂದನ್ನೂ ಹೊಡೆದ, ಬೇಕಾದರೆ ಎಣಿಸಿ.
ತ್ರೆವಿದಿಕ್ ಎಣಿಸಿಯೇಬಿಟ್ಟ. ಮುಂದಿನ ಕಂತಿನಲ್ಲಿ:
"ನಾನೂರ ಹನ್ನೆರಡು ಮೊಳೆಗಳ ಆ ಹಡಗು..."
ಅಲ್ಲಿಂದ ಕಥೆಗೆ ಲೆಕ್ಕದ ಚಟ ಹತ್ತಿತು.
ಕಲ್ಲಿದ್ದಲು ಎಷ್ಟು, ಉಸಿರಿಗೆ ಗಾಳಿ ಎಷ್ಟು,
ತಲೆಗೆ ಬಿಸ್ಕತ್ತು ಎಷ್ಟು.
ಅಜ್ಜಿಯ ಕಾಲದ ಕಥೆಗಳಲ್ಲಿ ಚಂದ್ರನಿಗೆ ಹೊರಟವರು
ನಿದ್ದೆ ಹೋದರೆ ಸಾಕಿತ್ತು.

ಚಂದ್ರಲೋಕವೆಂದರೆ ಅಪ್ಪನಿಗೆ ಸುಗ್ಗಿ.
ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು;
ಹಗಲಿನ ಆಕಾಶಕ್ಕೆ ಮೂರು ರಾತ್ರಿ ಗೀರಬೇಕು,
ಚುಕ್ಕಿ ಚುಕ್ಕಿ ನಡುವಿನ ಕತ್ತಲಿಗೆ ಬೆವರಿಲ್ಲ,
ಕೂಲಿ ಮಾತ್ರ ಅಷ್ಟೇ.
"ದೇವರೂ ಹೀಗೇ ಮಾಡಿರಬೇಕು," ಅಂದು ನಗುತ್ತಿದ್ದ,
"ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗ."

ಆಮೇಲೆ ಬಂದ ಹುಡುಗರು ಬೇರೆ.
ಗಡ್ಡವಿಲ್ಲ, ಮೊಳೆಯ ಗೊಡವೆಯಿಲ್ಲ.
ಮಂಗಳನಲ್ಲಿ ಬರೀ ಮಿದುಳು, ಆ ಮಿದುಳಿಗೆ ಹಸಿವು;
ಕಣ್ಣಿಗೆ ಬೀಳದ ಜೀವ; ಮುಟ್ಟದೆ ಕೊಲ್ಲುವ ಕಿರಣ.
"ಕಾಣದ್ದನ್ನು ಎಲ್ಲಿ ಅಂತ ಕೊರೆಯಲಿ?"
ಅಷ್ಟರಲ್ಲಿ ಫೋಟೋ ಅಚ್ಚು ಬಂತು.
ಬುಧವಾರಗಳಲ್ಲಿ ಮೆಟ್ಟಿಲು ಸದ್ದು ಮಾಡಲಿಲ್ಲ.

ಹದಿನೇಳರಲ್ಲಿ ತಂಗಿಯ ಮಗ ಗ್ರಾತಿಯೆನ್
ಯುದ್ಧದಿಂದ ರಜೆಗೆ ಬಂದ.
ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ,
ಎಣ್ಣೆಬಟ್ಟೆಯ ಮೂತಿ, ಎರಡು ದುಂಡು ಕಣ್ಣು.
ಸಾರು ಬಡಿಸುತ್ತಿದ್ದ ಸೌಟು ನಿಂತಿತು.
ಇವನು ಗೊತ್ತು ನನಗೆ: ಎಂಬತ್ತಾರರ ಚಂದ್ರವಾಸಿ,
ಹನ್ನೊಂದನೇ ಕಂತು.
ಆ ಕಣ್ಣಿನ ಸುತ್ತಿನ ಗೀರುಗಳಿಗೆ
ದೀಪ ಸರಿಸಿ ಕೊಟ್ಟವಳು ನಾನೇ.
"ಯಾರು ಮಾಡಿದ್ದೋ ಇದನ್ನ?"
"ಸರ್ಕಾರ," ಅಂದ. ಬ್ರೆಡ್ಡು ಮುರಿದ.

ಅಪ್ಪನ ತುಂಡುಗಳಲ್ಲಿ ಉಳಿದದ್ದು ಒಂದು,
ಮೊದಲನೆಯದು. ಬಿಸಿ ಪಾತ್ರೆ ಇಡುತ್ತೇನೆ ಅದರ ಮೇಲೆ.
ಕೊನೆಗೊಮ್ಮೆ ಅವನು ತ್ರೆವಿದಿಕ್‌ನನ್ನು ಕೇಳಿದ್ದ:
"ಇದು ಇಳಿಯುವುದು ಹೇಗೆ, ಮೊಸ್ಯೊ?
ಚಕ್ರ ಕೊರೆಯಲೋ, ಕಾಲು ಕೊರೆಯಲೋ?"
"ಮುಂದಿನ ಕಂತಿನಲ್ಲಿ."
ಆ ವಾರವೇ ಪತ್ರಿಕೆ ಮುಚ್ಚಿತು.

ಮಸಿ ಹತ್ತಿದ ಗೀರುಗಳಲ್ಲಿ ಬೆರಳಾಡಿಸಿದರೆ
ಅದಿನ್ನೂ ಮೇಲೆಯೇ ಇದೆ,
ಕಾಲಿಲ್ಲ, ಚಕ್ರವಿಲ್ಲ,
ಒಗೆವ ದೋಣಿಯ ಹೊಟ್ಟೆ ಹೊತ್ತು ಬಲದಿಂದ ಎಡಕ್ಕೆ;
ಒಳಗೆ ಯಾರೋ, ಮುಖ ಕಾಣದು,
ಅಮ್ಮನ ಕಾಫಿ ಡಬ್ಬಿಯ ಹಿಡಿಕೆ ತಿರುಗಿಸುತ್ತಲೇ ಇದ್ದಾರೆ.