ಹಸಿ ಗೋಡೆ

ಅಂಕೋಲೆ–ಕುಮಟೆ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ
ಟಿಕೆಟು ಹರಿದ ಕೈ ಇದು.
ಐವತ್ತೆರಡರಲ್ಲಿ ಈ ಮಠಕ್ಕೆ ಬಂದೆ,
ಗಂಗಾವಳಿ ಕಡಲಿಗೆ ಸೇರುವ ಕಡೆ.
ಹಳದಿ ಬಲ್ಬು, ಉಪ್ಪುಗಾಳಿ, ಒಂಬತ್ತು ಜನ ಕಾವಿಯವರು.
ನನಗೂ ಒಂದು ಜೊತೆ ಕೊಟ್ಟರು. ಉಟ್ಟೆ.
ಚೀಲ ತೂಗುತ್ತಿದ್ದ ಹೆಗಲು ಮಾತ್ರ
ಇನ್ನೂ ಎಡಕ್ಕೆ ವಾಲುತ್ತಿತ್ತು.

ಜಪಕ್ಕೆ ಕೂತರೆ ಸ್ಟಾಪುಗಳು ಬರುತ್ತಿದ್ದವು:
ಮಾದನಗೇರಿ, ಹಿರೇಗುತ್ತಿ, ಮಿರ್ಜಾನ.
ನಾಮದ ನಡುವೆ ಯಾರೋ ಚಿಲ್ಲರೆ ಕೇಳುತ್ತಿದ್ದರು.

ಕಳೆದ ಮಳೆಗೆ ಪಡಸಾಲೆಯ ಗೋಡೆ ಉಬ್ಬಿ
ಕ್ಷೀರಸಾಗರದ ಅರ್ಧ ನೆಲಕ್ಕೆ ಬಿತ್ತು.
ಉಳಿದದ್ದು ಶೇಷನ ಹೆಡೆ, ಮಲಗಿದವನ ಮುಖ,
ಮತ್ತೆ ಕೆಳಗೆ, ಯಾರೂ ಬಾಯಿಬಿಟ್ಟು ಹೇಳದ
ಒಂದು ನೊಗಲೆ ಮೀನು.
ಹಾಲಿನ ಕಡಲಲ್ಲಿ ನಮ್ಮೂರ ನೊಗಲೆ!
ಅದರ ಬೆನ್ನಿನ ಗೆರೆಯೊಂದು ಸೊಟ್ಟ.
ಗುರುಗಳು ಬೆಳಗ್ಗೆ ದಾಟುವಾಗ
ದೇವರಿಗೆ ಕೈಮುಗಿದು
ಆ ಸೊಟ್ಟ ಗೆರೆಗೆ ಒಂದು ಬೆರಳಿಟ್ಟು ಹೋಗುತ್ತಾರೆ.
ಏಕೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಪುರ್ಸು ಗುಡಿಗಾರ ಬಂದ, ಎಪ್ಪತ್ತು ದಾಟಿದವ,
ಕಿವಿಯ ಸಂದಿಯಲ್ಲಿ ಬೀಡಿ.
ಅಘನಾಶಿನಿಯಿಂದ ನಾಗು ಅಂಬಿಗ ಚಿಪ್ಪಿ ತಂದಳು,
ಹದಿನೆಂಟು ಚೀಲ.
ವಾಸನೆಗೆ ಅಡುಗೆಯ ಶಂಭು ಭಟ್ಟರು ಮೂಗಿಗೆ ಶಲ್ಯ ಹಿಡಿದರು.
ಸುಟ್ಟರು, ಬೆಲ್ಲದ ನೀರಲ್ಲಿ ಕೊಳೆಸಿದರು, ಕುಟ್ಟಿದರು.
ನಾನೂ ಕುಟ್ಟಿದೆ.
ಮಡಿಯ ಗೋಡೆಯ ಬಿಳುಪೆಲ್ಲ
ಕೆಸರಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ ಜೀವಗಳ ಮನೆ ಎಂದು
ತಲೆಗಿಂತ ಮೊದಲು ಕೈಗೆ ಗೊತ್ತಾಯಿತು.

ಬಿಳಿಯ ಮೇಲೆ ಕೆಮ್ಮಣ್ಣು ಬಳಿದ,
ನುಣುಪು ಕಲ್ಲಿನಿಂದ ಒತ್ತಿದ.
ಗೋಡೆ ಪೂರಾ ಕಾವಿ, ನನ್ನ ಪಂಚೆಯದೇ ಬಣ್ಣ.
"ಇನ್ನು ಬರೆಯೋದಾ?" ಅಂದೆ.
"ಬರೆಯೋದಲ್ಲ ಅಯ್ಯಾ, ತೆಗೆಯೋದು" ಅಂದ,
ಉಕ್ಕಿನ ಕಡ್ಡಿಯಲ್ಲಿ ಕೆಂಪನ್ನು ಕೆರೆಯುತ್ತ.
ಕೆರೆದಲ್ಲಿ ಅಲೆ ಎದ್ದಿತು.
ಕೆರೆದಲ್ಲಿ ಪಾದ, ಪಾದಕ್ಕೆ ಬೆರಳು.
ಹೊರಗಿನಿಂದ ಆತ ಏನನ್ನೂ ತರಲಿಲ್ಲ.

ನನ್ನ ಮೈ ನೋಡಿಕೊಂಡೆ.
ಬಳಿದು ನಾಲ್ಕು ವರ್ಷ.
ಒಂದು ಗೆರೆ ಕೆರೆದಿಲ್ಲ.

"ಹಸಿ ಇದ್ದಾಗಲೇ ಆಗಬೇಕು. ಒಣಗಿದರೆ ಚಕ್ಕೆ ಏಳ್ತದೆ."
ಎದೆ ಧಸಕ್ಕೆಂದಿತು.
"ಒಣಗಿದ್ದಕ್ಕೆ ಏನು ಮಾಡ್ತೀರಿ?"
ತಿರುಗಿಯೂ ನೋಡಲಿಲ್ಲ.
"ಒಣಗೋಕೆ ಬಿಡೋದಿಲ್ಲ."

ಆ ಕೆಲಸ ನನ್ನದಾಯಿತು.
ಗೋಡೆಗೆ ಗೋಣಿ ಹೊದಿಸಿ, ಗರಟೆಯಲ್ಲಿ ನೀರು ಚಿಮುಕಿಸುತ್ತ
ರಾತ್ರಿಯಿಡೀ ಕೂತೆ.
ಹೊರಗೆ ಇಳಿತ, ಯಾವುದೋ ದೋಣಿಯ ಮೋಟಾರು.
ಹಿರೇಗುತ್ತಿ ಬಂತು, ಮಿರ್ಜಾನ ಬಂತು.
ಬರಲಿ ಎಂದು ನೀರು ಹಾಕಿದೆ.
ಇಳಿಯುವವರು ಇಳಿದರು.
ನಾಮ ಹೇಳಿದೆನೋ ಇಲ್ಲವೋ, ನೆನಪಿಲ್ಲ.

ಬೆಳಗ್ಗೆ ಪುರ್ಸು ಕಡ್ಡಿಯನ್ನು ನನ್ನ ಕೈಗಿಟ್ಟ:
"ಕಡೆಯ ಅಲೆ ನಿಮ್ಮದು."
ಎಳೆದೆ. ಎಡಕ್ಕೆ ವಾಲಿತು.
ಕೆಮ್ಮಣ್ಣು ಮೆತ್ತಿ ಮುಚ್ಚಿಬಿಡಿ ಎಂದೆ.
ಆತ ಬೀಡಿ ತೆಗೆದ, ಮಠವೆಂದು ನೆನಪಾಗಿ
ಮತ್ತೆ ಕಿವಿಗೇ ಸಿಕ್ಕಿಸಿ
ನೊಗಲೆಯ ಬೆನ್ನು ತೋರಿಸಿದ:
"ಈ ಗೋಡೆ ಅಪ್ಪ ಮಾಡಿದ್ದು.
ಆ ಗೆರೆ ಅಪ್ಪನದಲ್ಲ."

ಗಂಟೆ ಬಡಿಯಿತು. ಪಡಸಾಲೆಯ ಆ ತುದಿಯಲ್ಲಿ
ಗುರುಗಳ ಪಾದುಕೆಯ ಸದ್ದು.
ನನ್ನ ಉಗುರಲ್ಲಿ ಸುಣ್ಣ, ಕೆಂಪು.
ಗೋಡೆ ಇನ್ನೂ ಹಸಿ.