ಇಪ್ಪತ್ತು–ಐವತ್ತು

ಡಬ್ಬದ ಮೇಲಿದ್ದದ್ದನ್ನು ಜೋರಾಗಿ ಓದಿ ಹೇಳಿದೆ:
ಪೂರ್ತಿ ಸಿಂಥೆಟಿಕ್, ಐದು–ಮೂವತ್ತು, ಹೊಸ ಕಾರುಗಳಿಗೆ ಅತ್ಯುತ್ತಮ.
ಪಾಸ್ಕಲ್ ಲೋಬೋ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ.
‘ಹೊಸ ಕಾರುಗಳಿಗೆ. ಪಾಪ, ಅವರೇ ಹೇಳಿದ್ದಾರಲ್ಲ ಮೇಡಂ.’

ನನ್ನ ಹೆರಾಲ್ಡು ಅರವತ್ತೆಂಟರದ್ದು,
ನನಗಿಂತ ಏಳು ವರ್ಷ ದೊಡ್ಡದು.
ಬಾಳೆಹೊನ್ನೂರಿನ ಹಲ್ಲಿನ ಡಾಕ್ಟರರ ಶೆಡ್ಡಿನಿಂದ,
ಕೋಳಿ ಕಾವಿಗೆ ಕೂರುತ್ತಿದ್ದ ಹಿಂದಿನ ಸೀಟಿನ ಸಮೇತ,
ಲ್ಯಾಬಿನ ಎರಡು ವರ್ಷದ ಬೋನಸ್ಸು ಸುರಿದು ತಂದೆ.
ಇದ್ದುದರಲ್ಲಿ ದುಬಾರಿಯದ್ದನ್ನೇ ಕುಡಿಸಿದೆ.
ಮೂರನೇ ಬೆಳಿಗ್ಗೆ, ಕೋಟೆಯ ನಮ್ಮ ಬೀದಿಯ ಸಿಮೆಂಟಿನ ಮೇಲೆ
ದೋಸೆಯಗಲ ಕಪ್ಪು.

‘ಐವತ್ತು ವರ್ಷದ ಜಿಡ್ಡು ಅಲ್ಲಿ ಸೀಲಿನ ಕೆಲಸ ಮಾಡ್ತಿತ್ತು.
ನಿಮ್ಮದು ಶುಚಿಯ ಎಣ್ಣೆ, ತೊಳೆದು ಕಳಿಸ್ತು.’
ಗಾದೆಯ ಹಾಗೇನೂ ಹೇಳಲಿಲ್ಲ;
ಅರ್ಧ ಇಂಚಿನ ಸ್ಪ್ಯಾನರ್ ಹುಡುಕುತ್ತ ಹೇಳಿದರು.

ಮೊದಲ ನಂಬರು ಬೆಳಗಿನ ಚಳಿಯದ್ದಂತೆ:
ಡಿಸೆಂಬರಿನಲ್ಲಿ ರತ್ನಗಿರಿ ಬೋರೆ ಕಾಣದಿರುವ ಹೊತ್ತು
ಕೀಲಿ ತಿರುಗಿಸಿದಾಗ ಎಷ್ಟು ಬೇಗ ಮೇಲೇರುತ್ತೆ.
ಎರಡನೆಯದು ಕೈಮರ ದಾಟಿದ ಮೇಲಿನದ್ದು:
ಎರಡನೇ ಗೇರಿನಲ್ಲಿ ಗಿರಿ ಹತ್ತುವಾಗ, ಲೋಹವೆಲ್ಲ ಕಾದಾಗ,
ನೀರಾಗದೆ ನಡುವೆ ನಿಲ್ಲುತ್ತೋ ಇಲ್ಲವೋ.
‘ನಿಮ್ಮದಕ್ಕೆ ಇಪ್ಪತ್ತು–ಐವತ್ತು, ಮಿನರಲ್ಲು.
ಚಪ್ಪಟೆ ಟ್ಯಾಪೆಟ್ಟು, ಸತು ಬೇಕು. ಈಗಿನವುಗಳಲ್ಲಿ ಕಮ್ಮಿ.
ಹಿಂದೆ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ಓದಿ.’

ಸಂಪಿನಿಂದ ಇಳಿದ ಎಣ್ಣೆಯ ಒಂದು ತೊಟ್ಟು
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ತಿಕ್ಕಿದರು.
ನಲವತ್ತು ವರ್ಷ ಹೀಗೇ ನೋಡಿದವರು.
ಮತ್ತೊಮ್ಮೆ ತಿಕ್ಕಿದರು.
ಗೋಡೆಯ ಮೇಲಿನ ಟೈರು ಕಂಪನಿಯ ಕ್ಯಾಲೆಂಡರ್ ನೋಡುತ್ತ ಇನ್ನೊಮ್ಮೆ.

‘ನೀವು ನೋಡಿ.’

ನಾನೇನೂ ಕೇಳಲಿಲ್ಲ. ಕೇಳಬೇಕಿರಲಿಲ್ಲ.
ಕಳೆದ ತಿಂಗಳು ಲ್ಯಾಬಿನಲ್ಲಿ ಅದೇ ಬೆರಳಿಗೆ ಸೂಜಿ ಚುಚ್ಚಿ
ಹತ್ತಿ ಒತ್ತಿಹಿಡಿದಿದ್ದೆ.
‘ಯಾವಾಗ ಚುಚ್ತೀರಿ?’ ಎಂದು ಕೇಳಿದ್ದರು.
ಇನ್ನೂರ ಅರವತ್ತೆಂಟು. ಖಾಲಿ ಹೊಟ್ಟೆಯಲ್ಲಿ.
ನಾನೇ ಬರೆದು, ನಾನೇ ಲಕೋಟೆ ಅಂಟಿಸಿದ್ದೆ.

ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವ ಕೈ ನನ್ನದು,
ಆದರೆ ನಡುವೆ ಯಾವತ್ತೂ ಗ್ಲೌಸು.
ಈಗ ಬರಿ ಬೆರಳು, ಬೆಚ್ಚಗಿನ ಕಪ್ಪು.
‘ತರಿ ಇದೆಯಾ?’
ಗೊತ್ತಾಗ್ತಿಲ್ಲ.
‘ಕಣ್ಣು ಮುಚ್ಚಿ. ಅವಸರ ಬೇಡ.’
ಕಣ್ಣು ಮುಚ್ಚಿದೆ. ಜಾರಿಕೆ, ಜಾರಿಕೆ,
ಆಮೇಲೆ ಚಿರೋಟಿ ರವೆಯ ಒಂದೇ ಒಂದು ಕಾಳಿನಷ್ಟು
ಏನೋ.
ಇದೆ, ಅಂದೆ.
‘ಮೆತ್ತಗಾ, ಹರಿತಾನಾ?’
ಮೆತ್ತಗೆ.
‘ಹಾಗಾದರೆ ಇಂಗಾಲ. ಬೇರಿಂಗ್ ಅಲ್ಲ.’
ಉಸಿರು ಬಿಟ್ಟದ್ದು ಅವರೋ ನಾನೋ.

ಹೊಸ ಎಣ್ಣೆ ಜೋನಿಬೆಲ್ಲದ ಬಣ್ಣದಲ್ಲಿ
ಲಾಳಿಕೆಯೊಳಗೆ ಆತುರವಿಲ್ಲದೆ ಇಳಿಯಿತು.
ಕೀಲಿ ತಿರುಗಿಸಿ ದೀಪವನ್ನೇ ನೋಡಿದೆವು,
ಅವರು ಕೊಂಕಣಿಯಲ್ಲಿ ಎಣಿಸುತ್ತ, ನಾನು ಕನ್ನಡದಲ್ಲಿ.
ಚಾರ್ ಅಂದರು. ನಾನಿನ್ನೂ ಮೂರರಲ್ಲಿದ್ದೆ.
ದೀಪ ಆರಿತು.

ಗುರುವಾರ ಏನೂ ತಿನ್ನದೆ ಲ್ಯಾಬಿಗೆ ಬನ್ನಿ, ಅಂದೆ.
ಅವರು ವೇಸ್ಟಿನಲ್ಲಿ ಕೈ ಒರೆಸಿಕೊಂಡರು,
ಎಣ್ಣೆ ಮೆತ್ತಿರದ ಬೆರಳನ್ನೂ.

‘ರಾತ್ರಿ ಒಂದೆರಡು ತೊಟ್ಟು ಬಿದ್ದೇ ಬೀಳುತ್ತೆ ಮೇಡಂ.
ಬೀಳದಿದ್ದರೆ ಫೋನ್ ಮಾಡಿ.’