ಅರ್ಥು

ಲಷ್ಕರ್ ಮೊಹಲ್ಲಾದ ನನ್ನ ಅಂಗಡಿಗೆ
ಸಾಲೋಮನ್ ಟೀಚರ್ ತಮ್ಮ ಮೈನರ್ ತಂದು ನಿಲ್ಲಿಸಿದಾಗ
ಅದಕ್ಕೆ ಬಾಯಿ ಹೋಗಿ ಆರು ವರ್ಷ.
ಆರು ವರ್ಷವೂ ಟೀಚರೇ ಅದರ ಬಾಯಿ.
ಕಿಟಕಿಯಿಂದ ಕತ್ತು ಚಾಚಿ
"ಏ ನೀಲಿ ಅಂಗಿ, ಅಂಚಿಗೆ ಹೋಗು!
ಏನಮ್ಮ ಸೊಪ್ಪಿನ ಬುಟ್ಟಿ, ಎಡಕ್ಕೆ!"
ಮೂವತ್ತು ವರ್ಷ ರೇಖಾಗಣಿತ ಕಲಿಸಿದ ಗಂಟಲು;
ಇರ್ವಿನ್ ರಸ್ತೆ ಸರಳರೇಖೆಯಾಗಿ ನಿಲ್ಲುತ್ತಿತ್ತು.

ಈಗ ಡಾಕ್ಟರು, ಕಿರುಚಬೇಡಿ ಎಂದಿದ್ದಾರೆ.
ಗಂಟಲಲ್ಲಿ ಗಂಟು. ಚಿಕ್ಕದು.
ಇದನ್ನೂ ಅವರು ಹೇಳಲಿಲ್ಲ, ಚೀಟಿಯಲ್ಲಿ ಬರೆದು ತೋರಿಸಿದರು.
ಕೆಳಗೆ ಗೆರೆ ಎಳೆದು: ಹಾರನ್ ಬೇಕು.

ಹಳೇ ಇಂಗ್ಲಿಷ್ ಗಾಡಿ, ಎಲ್ಲ ತಿರುವುಮುರುವು.
ಬೇರೆ ಗಾಡಿಗೆ ಮೈನಸ್ಸು ಅರ್ಥು, ಇದಕ್ಕೆ ಪ್ಲಸ್ಸು.
ಬ್ಯಾಟರಿ ಉಲ್ಟಾ ಕೊಟ್ಟು ಡೈನಮೊ ಸುಟ್ಟವರನ್ನು ಬಲ್ಲೆ;
ಒಬ್ಬ ನಾನೇ, ಹದಿನಾರರ ವಯಸ್ಸಿನಲ್ಲಿ.
ಉಸ್ತಾದ್ ಗಫೂರ್ ಸಾಬರು ಆವತ್ತು ಹೊಡೆಯಲಿಲ್ಲ,
ಬೈ-ಟೂ ಟೀ ತರಿಸಿ ಹೇಳಿದರು:
ಹಾರನ್ನಿನ ಬಾಗಿಲಿಗೆ ಕರೆಂಟು ಯಾವಾಗಲೂ ಬಂದು ನಿಂತಿರುತ್ತೆ ಕಣೋ.
ಸ್ಟೇರಿಂಗಿನ ಗುಂಡಿ ಕೊಡೋದು ಬರೀ ಅರ್ಥು.
ಅರ್ಥ ಸಿಕ್ಕಿದ ತಕ್ಷಣ ಕೂಗುತ್ತೆ.

ಅರ್ಥು ಹರಿದಿದ್ದದ್ದು ಸ್ಟೇರಿಂಗ್ ಕೊಳವೆಯೊಳಗೆ.
ನೂಲು ಸುತ್ತಿದ ಕಾಲದ ತಂತಿ,
ಮುಟ್ಟಿದರೆ ದೀಪದ ಕರಕು ಬತ್ತಿಯಂತೆ ಉದುರುವುದು.
ಅದರ ಬಾಲಕ್ಕೇ ಹೊಸದನ್ನು ಕಟ್ಟಿ
ಲಾಡಿ ಪೋಣಿಸಿದ ಹಾಗೆ ಎಳೆದೆ. ಒಂದು ಗಂಟೆ.
ಉಳಿದದ್ದು ಹಾರನ್ನು.

ಅದು ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ,
ಅತ್ತೆ ಸೊಸೆ ನಡುವೆ ಸಿಕ್ಕ ಗಂಡಸಿನ ಹಾಗೆ
ನಾಲ್ಕು ಬೆರಳ ಸಂದಿಯಲ್ಲಿ, ತುಕ್ಕು ಹಿಡಿದು.
ನಟ್ಟು ಕಾಣುವುದಿಲ್ಲ.
ಕಂಡರೆ ಸ್ಪ್ಯಾನರ್ ತಿರುಗುವುದಿಲ್ಲ.
ತಿರುಗಿದರೆ ನನ್ನ ಕೈ ಹೊರಗೆ ಬರುವುದಿಲ್ಲ.
ಮೂರು ಗೆಣ್ಣಿನ ಸಿಪ್ಪೆ ಅಲ್ಲೇ ಬಿಟ್ಟು ಬಂದೆ.

ಮುಂಭಾಗ ಪೂರ್ತಿ ಬಿಚ್ಚಬೇಕು, ನಾಲ್ಕು ದಿನ, ಎಂದೆ.
ಚೀಟಿ: ನಾಳೆ ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋಗಬೇಕು.

ಪಕ್ಕದ ವಠಾರದ ಜಗಲಿಯಲ್ಲಿ ನಸೀಮಕ್ಕ
ಊದುಬತ್ತಿ ಹೊಸೆಯುತ್ತ ಇದನ್ನೆಲ್ಲ ನೋಡುತ್ತಿದ್ದಳು.
ದಿನಕ್ಕೆ ನಾಲ್ಕು ಸಾವಿರ ಕಡ್ಡಿ;
ಕಣ್ಣು ಬೀದಿಯ ಮೇಲೆ, ಕೈ ಹಲಗೆಯ ಮೇಲೆ,
ಎರಡಕ್ಕೂ ಪರಿಚಯವೇ ಇಲ್ಲ.
"ಸರಿ ಆ ಕಡೆ" ಎಂದು ಬಂದಳು.
ಕಪ್ಪು ಹಿಟ್ಟಿನ ಬೆರಳು ಸೆರಗಿಗೆ ಒರೆಸಿ ಬಳೆ ತೆಗೆದಳು.
ಒಂದು ಬರಲಿಲ್ಲ. ಇರಲಿ ಬಿಡು ಎಂದಳು.

ಮೊಣಕೈವರೆಗೂ ಹೋಯಿತು ಕೈ.
ಮುಖ ಆಚೆ ತಿರುಗಿಸಿ, ಹೋಗುವ ಬರುವವರನ್ನು ನೋಡುತ್ತ
"ಒಂದು ಸಿಕ್ತು. ಬಲಕ್ಕೋ, ಎಡಕ್ಕೋ?"
ಹಳೇದು ಕೆಳಗೆ ಬಿತ್ತು, ಹೊಸದು ಕೂತಿತು.
ಕೊನೇ ನಟ್ಟಿಗೆ ಒಳಗೆ ಟಿಕ್ ಎಂದಿತು.
ಬಳೆ. ಹಸಿರು. ಅರ್ಧ ಕೈಯ ಜೊತೆ ಬಂತು,
ಉಳಿದರ್ಧ ಎಷ್ಟು ತಡಕಿದರೂ ಇಲ್ಲ.

ಟೀಚರ್ ಗುಂಡಿ ಒತ್ತಿದರು.
ಕೆರೆಯಿಂದ ಎದ್ದ ಎಮ್ಮೆ ಮಾತಾಡಿದಂಥ ದನಿ;
ಮಸೀದಿ ಸಜ್ಜೆಯ ಪಾರಿವಾಳವೆಲ್ಲ ಮೇಲಕ್ಕೆ.
ದನಿ ನಿಂತ ಮೇಲೆ, ಒಂದು ಸಣ್ಣ ಕಿಣ್.

ಇನ್ನೊಮ್ಮೆ ಒತ್ತಿದರು. ಎಮ್ಮೆ. ಕಿಣ್.
ಚೀಟಿ: ಕೊನೆಯಲ್ಲಿ ಅದೇನು?
ನಾನು ಬಾಯಿ ತೆರೆಯುವ ಮೊದಲೇ ನಸೀಮಕ್ಕ
ಕೈ ಹಿಂದೆ ಕಟ್ಟಿ, ಬೆಂಚಿನಿಂದ ಎದ್ದು ನಿಂತವಳಂತೆ,
"ಬಿಂದು, ಟೀಚರ್. ಉದ್ದ ಇಲ್ಲ, ಅಗಲ ಇಲ್ಲ."

ಟೀಚರ್ ಅವಳನ್ನು ತುಂಬ ಹೊತ್ತು ನೋಡಿದರು.
ಯಾವ ವರ್ಷದ ಯಾವ ಬೆಂಚೋ, ಹುಡುಕುತ್ತಿದ್ದರೇನೋ.
ಚೀಟಿ ಮಡಚಿ ಬ್ಯಾಗಿಗೆ ಹಾಕಿ, ಗೇರು ಹಾಕಿದರು.

ಬೀದಿಯ ಕೊನೆಯಲ್ಲಿ ಸೀಬೆಹಣ್ಣಿನ ತಳ್ಳುಗಾಡಿ ಅಡ್ಡ.
ಎಮ್ಮೆ. ಕಿಣ್.
ಅವನು ಸರಿದ. ಸರಿದವನು
ಬೈಗುಳ ಇನ್ನೂ ಬರಲಿಲ್ಲವಲ್ಲ ಎಂದು
ತಿರುಗಿ ನಿಂತು ನೋಡುತ್ತಲೇ ಇದ್ದ.